ಮೆಣಸು ಬೇಡಿ ಹಾಡಿದ ನಾಲ್ಕು ಸಂಜೆ

ನಮ್ಮ ಭಜನಾ ಮಂಡಳಿಯಲ್ಲಿ ಪದ ಎತ್ತುತ್ತಿದ್ದವನು ಕರಿಮೆಣಸು ಕೊಯ್ಯುವಾಗ, ಬಳ್ಳಿ ಹಬ್ಬಿದ ಸಿಲ್ವರ್ ಮರದಿಂದ ಬಿದ್ದ. ಕೊಯ್ಲು ಶುರುವಾಗಿ ಒಂದು ವಾರವಾಗಿತ್ತು ಎಂದು ನನ್ನ ನೆನಪು. ಮೂರನೇ ದಿನ ಎಂದು ಅವನ ಹೆಂಡತಿ ಹೇಳುತ್ತಾಳೆ. ಅವಳ ಮಾತನ್ನೇ ನಂಬಬೇಕು. ನಾನು ವಿಶ್ವವಿದ್ಯಾಲಯದಲ್ಲಿ ಚರಿತ್ರೆ ಓದಿ, ಕೆಲವು ವರ್ಷ ಅದನ್ನೇ ಪಾಠ ಮಾಡಿದವನು. ಒಬ್ಬನೇ ಸಾಕ್ಷಿ ಹೇಳಿದ್ದನ್ನು ಪೂರ್ತಿ ನಂಬಬೇಡಿ ಎಂದು ತರಗತಿಯಲ್ಲಿ ಹೇಳುತ್ತಿದ್ದೆ. ಆ ಒಬ್ಬ ಸಾಕ್ಷಿ ನಾನೇ ಆದಾಗ ಏನಾಗುತ್ತದೆ ಎನ್ನುವುದು ಕೆಲಸ ಬಿಟ್ಟು ಊರಿಗೆ ಬಂದು, ಮೂರೆಕರೆ ಕಾಫಿ ನೋಡಿಕೊಳ್ಳುತ್ತಾ ಮಂಡಳಿಗೆ ಸೇರಿದ ಮೇಲೆ ಗೊತ್ತಾಯಿತು. ನಾನು ಬರೆಯುತ್ತಿರುವುದು ಕೆಲವು ಮೂಟೆ ಮೆಣಸಿನ ವಿಷಯ. ಆ ಮೂಟೆಗಳ ಬಾಯಿ ಕಟ್ಟಿದವನು ನಾನು ಎನ್ನುವುದರಲ್ಲಿ ಅನುಮಾನವಿಲ್ಲ. ಕಟ್ಟುವ ಮೊದಲು ಯಾರು ಏನು ಹೇಳಿದರು ಎನ್ನುವುದರಲ್ಲಿ ಇವತ್ತಿಗೂ ಇದೆ.

ಜಾವಳಿಯಿಂದ ಆಚೆ, ದೇವರಮನೆ ಗುಡ್ಡಗಳು ಕಾಣುವ ದಿಕ್ಕಿನಲ್ಲಿ ನಮ್ಮೂರು. ಶೀಟು ಹೊದೆಸಿದ ಒಂದು ಕೋಣೆ ನಮ್ಮ ಭಜನಾ ಮಂದಿರ. ಶನಿವಾರ ಸಂಜೆ ಹನ್ನೊಂದು ಜನ ಸೇರುತ್ತಿದ್ದೆವು. ಸಣ್ಣ ಬೆಳೆಗಾರರು, ಎಸ್ಟೇಟಿನ ಕೂಲಿ ಲೈನಿನಲ್ಲಿದ್ದವರು, ಬಾಡಿಗೆ ಜೀಪು ಓಡಿಸುವವನು, ಹಾರ್ಮೋನಿಯಂ ಹಿಡಿಯುವ ನಿವೃತ್ತ ಮೇಷ್ಟ್ರು, ಎಲ್ಲರೂ ಗಂಡಸರು. ಹೆಂಗಸರು ಯಾಕಿಲ್ಲ ಎಂದು ಸೇರಿದ ಹೊಸತರಲ್ಲಿ ಕೇಳಿದ್ದೆ. ಅವರಿಗೆ ಪುರುಸೊತ್ತಿಲ್ಲ ಎಂದರು. ಅದನ್ನು ಮನೆಗೆ ಬಂದು ಹೇಳಿದಾಗ, ಪುರುಸೊತ್ತು ಯಾರಿಗೆ ಹೆಚ್ಚಿದೆ ಎಂದು ನಿಮ್ಮ ಹಾಡು ಕೇಳಿದರೇ ತಿಳಿಯುತ್ತದೆ ಎಂದಳು ನನ್ನ ಹೆಂಡತಿ. ದೇವರ ವಿಷಯದಲ್ಲಿ ನನಗೆ ಖಾತ್ರಿಯಿಲ್ಲ. ಹನ್ನೊಂದು ಗಂಟಲು ಒಂದು ಶ್ರುತಿಗೆ ಬಂದು ನಿಂತಾಗ ಎದೆಯಲ್ಲಿ ಆಗುವುದರ ಬಗ್ಗೆ ಖಾತ್ರಿಯಿದೆ. ನಾನು ಹೋಗುತ್ತಿದ್ದದ್ದು ಅದಕ್ಕೆ.

ಆ ಶ್ರುತಿಗೆ ನಮ್ಮನ್ನು ತರುತ್ತಿದ್ದವನು ಬಿದ್ದವನೇ. ಮೊದಲ ಸಾಲನ್ನು ಅವನೊಬ್ಬನೇ ಹೇಳುವುದು, ನಾವು ಅದನ್ನು ಹಿಡಿದು ಮೇಲೆತ್ತುವುದು ನಮ್ಮ ಕ್ರಮ. ಪಕ್ಕದ ಎಸ್ಟೇಟಿನ ಲೈನು ಮನೆಯಲ್ಲಿದ್ದ. ಏಣಿ ಹತ್ತಿ ಮೆಣಸು ಬಿಡಿಸುವುದರಲ್ಲಿ ಅವನಷ್ಟು ಚುರುಕು ಇನ್ನೊಬ್ಬರಿರಲಿಲ್ಲ. ತೋಟದಲ್ಲಿ ಸಿಕ್ಕರೆ ನನ್ನನ್ನು ‘ಅಯ್ಯ’ ಎನ್ನುತ್ತಿದ್ದ, ಮಂದಿರದೊಳಗೆ ‘ಅಣ್ಣ’. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಎರಡರಲ್ಲಿ ಯಾವುದು ಎಂದು ಅವನಿಗೆ ಒಮ್ಮೆಯೂ ಗೊಂದಲವಾದದ್ದು ನಾನು ಕಂಡಿಲ್ಲ.

ಬೆನ್ನುಮೂಳೆಗೆ ಪೆಟ್ಟಾಗಿತ್ತು. ಆಪರೇಷನ್ ಆಯಿತು, ಅದರ ಖರ್ಚನ್ನು ಎಸ್ಟೇಟಿನ ಸಾಹುಕಾರರೇ ಕೊಟ್ಟರು. ಸೊಂಟದ ಕೆಳಗೆ ಸ್ಪರ್ಶ ಬರಲಿಲ್ಲ. ಒಂದು ವರ್ಷ ಮಂಚದಲ್ಲಿ ಮಲಗಿದ. ಬೆನ್ನಿನ ಕೆಳಗೆ ಹುಣ್ಣಾಯಿತು. ಹೆಂಡತಿ ಕೆಲಸಕ್ಕೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ ಮಗ್ಗುಲು ಬದಲಿಸುತ್ತಿದ್ದಳು. ನಡುವಿನ ಹೊತ್ತು ಅವನು ಹೇಗಿಟ್ಟರೆ ಹಾಗೆ. ಘಟ್ಟದ ಕೆಳಗೆ ಇಂಥವರಿಗಾಗಿಯೇ ಒಂದು ಪುನರ್ವಸತಿ ಕೇಂದ್ರವಿದೆ ಎಂದು ಮೇಷ್ಟ್ರು ಯಾರಿಂದಲೋ ತಿಳಿದು ಹೆಸರು ಬರೆಸಿದ್ದರು. ಮೂರು ತಿಂಗಳು ಅಲ್ಲಿದ್ದರೆ ತಾನೇ ಎದ್ದು ಕೂರುವುದು, ಮಂಚದಿಂದ ಗಾಲಿಕುರ್ಚಿಗೆ ತಾನೇ ಜಾರುವುದು, ಹುಣ್ಣಾಗದಂತೆ ನೋಡಿಕೊಳ್ಳುವುದು ಎಲ್ಲ ಕಲಿಸುತ್ತಾರೆ. ಅವನ ಅಳತೆಗೆ ಕುರ್ಚಿಯನ್ನೂ ಮಾಡಿಸುತ್ತಾರೆ. ಮಾರನೇ ವರ್ಷದ ಮೆಣಸಿನ ಕೊಯ್ಲಿನ ಹೊತ್ತಿಗೆ ಅಲ್ಲಿಂದ ಫೋನು ಬಂತು. ಒಂದು ವಾರ ಬಿಟ್ಟು ಸೋಮವಾರಕ್ಕೆ ಒಂದು ಹಾಸಿಗೆ ತೆರವಾಗುತ್ತದೆ, ಮಧ್ಯಾಹ್ನದೊಳಗೆ ಬರದಿದ್ದರೆ ಪಟ್ಟಿಯಲ್ಲಿರುವ ಮುಂದಿನವರಿಗೆ ಹೋಗುತ್ತದೆ. ಇನ್ನೊಮ್ಮೆ ಯಾವಾಗ ಎಂದು ಕೇಳಿದ್ದಕ್ಕೆ ಹೇಳಲಾಗುವುದಿಲ್ಲ ಎಂದರು. ವಾಸದ ಖರ್ಚು, ಕುರ್ಚಿಯ ಖರ್ಚು ನಮ್ಮದು.

ಅವತ್ತೇ ಮಂದಿರದಲ್ಲಿ ಸೇರಿದೆವು. ವರ್ಷಕ್ಕೊಮ್ಮೆ ದೀಪ ಹಿಡಿದು ಮನೆಮನೆಗೆ ಹೋಗಿ, ಅಂಗಳದಲ್ಲಿ ಒಂದು ಪದ ಹೇಳುವುದು ನಮ್ಮಲ್ಲಿ ಮೊದಲಿಂದ ಇದೆ. ಬಂದ ದೀಪವನ್ನು ಬರಿಗೈಯಲ್ಲಿ ಕಳಿಸಬಾರದು ಎಂದು ಮನೆಯವರು ಅಕ್ಕಿ, ತೆಂಗಿನಕಾಯಿ ಕೊಡುತ್ತಾರೆ. ಈ ಸಲ ದೀಪವನ್ನು ಮುಂಚೆಯೇ ಹೊರಡಿಸೋಣ, ಅಕ್ಕಿಯ ಬದಲು ಮೆಣಸು ಕೇಳೋಣ ಎಂದದ್ದು ಜೀಪಿನವನು. ಕಾಫಿ ಮಾರದೆ ಸಣ್ಣವರ ಕೈಯಲ್ಲಿ ದುಡ್ಡಿರುವುದಿಲ್ಲ, ಆದರೆ ಎರಡು ಮರವಿರುವವನ ಅಂಗಳದಲ್ಲೂ ಒಂದು ಚಾಪೆ ಮೆಣಸು ಒಣಗುತ್ತಿರುತ್ತದೆ. ಮೆಣಸಿಗೆ ಹೋಗಿ ಬಿದ್ದವನನ್ನು ಮೆಣಸೇ ಎಬ್ಬಿಸಲಿ ಎಂದ. ಮೇಷ್ಟ್ರು ಕನ್ನಡಕ ಒರೆಸಿಕೊಂಡು, ಸೋಮವಾರದಿಂದ ಗುರುವಾರದವರೆಗೆ ನಾಲ್ಕು ಸಂಜೆ, ಶುಕ್ರವಾರ ಮೂಡಿಗೆರೆಯ ಮಂಡಿಗೆ, ಅದರ ಮುಂದಿನ ಸೋಮವಾರ ಘಟ್ಟ ಇಳಿಯುವುದು ಎಂದು ಬೆರಳು ಮಡಿಚಿದರು. ಬರಲಾಗುವುದಿಲ್ಲ ಎಂದು ಒಬ್ಬರೂ ಹೇಳಲಿಲ್ಲ. ಹೇಳಿದ್ದರೆ ನಾನು ಮರೆತಿದ್ದೇನೆ.

ಪದ ಎತ್ತುವವನಿಲ್ಲದೆ ಹೊರಟದ್ದು ಮೊದಲ ಮನೆಯಲ್ಲೇ ಗೊತ್ತಾಯಿತು. ಮೇಷ್ಟ್ರು ತಾವೇ ಎತ್ತಿದರು. ಎತ್ತಿದ್ದು ಎಷ್ಟು ಮೇಲಿತ್ತೆಂದರೆ, ಚರಣಕ್ಕೆ ಬರುವಾಗ ಅರ್ಧ ಜನ ಬಾಯಿ ಮಾತ್ರ ಆಡಿಸುತ್ತಿದ್ದೆವು. ಮನೆಯ ಯಜಮಾನಿ ನಗು ತಡೆಯಲು ಸೆರಗು ಬಾಯಿಗೆ ಇಟ್ಟುಕೊಂಡದ್ದು ಕಾಣಿಸಿತು. ಗೇಟು ದಾಟಿದ ಮೇಲೆ ಜೀಪಿನವನು ಹೇಳಿದ: ‘ಮೇಷ್ಟ್ರೇ, ಎರಡು ಮನೆ ಕೆಳಗೆ ಹಿಡೀರಿ. ಆಕಾಶದಲ್ಲಿ ಮೆಣಸು ಯಾರೂ ಬೆಳ್ದಿಲ್ಲ.’

ಮೇಷ್ಟ್ರು ಮುಂದಿನ ಮನೆಯಲ್ಲಿ ಹಾರ್ಮೋನಿಯಂನ ಎರಡು ಮನೆ ಕೆಳಗೆ ಹಿಡಿದರು. ನಾಲ್ಕನೆಯದೋ ಐದನೆಯದೋ ಮನೆಯ ಹೊತ್ತಿಗೆ ನಮ್ಮ ಹಾಡು ಹಾಡಿನಂತೆ ಕೇಳತೊಡಗಿತು. ಎಲ್ಲ ಮನೆಯಲ್ಲೂ ಒಂದೇ ರೀತಿಯ ಸ್ವಾಗತ ಸಿಗಲಿಲ್ಲ. ಬಿದ್ದವನು ಸಾಹುಕಾರರ ಆಳು, ಅವರೇ ನೋಡಿಕೊಳ್ಳಲಿ ಎಂದು ಒಬ್ಬರು ಜಗುಲಿಯಿಂದಲೇ ಹೇಳಿದರು. ಅವರು ಹೇಳಿದ್ದರಲ್ಲಿ ನ್ಯಾಯವಿತ್ತು, ನನಗೂ ಅನೇಕ ಸಲ ಹಾಗೇ ಅನ್ನಿಸಿತ್ತು. ಮೇಷ್ಟ್ರು, ಪದ ಮುಗಿಯಲಿ, ಆಮೇಲೆ ಕೊಡುವುದು ಬಿಡುವುದು ನಿಮ್ಮಿಷ್ಟ ಎಂದು ಶ್ರುತಿ ಹಿಡಿದುಬಿಟ್ಟರು. ಪದ ಮುಗಿದ ಮೇಲೆ ಆತ ಒಳಗೆ ಹೋಗಿ, ಮೊರದ ತುಂಬ ಮೆಣಸು ತಂದು ನಮ್ಮ ಚೀಲಕ್ಕೆ ಸುರಿದು, ನಮ್ಮ ಮುಖ ನೋಡದೆ ಒಳಗೆ ಹೋದರು. ಎರಡೇ ಬಳ್ಳಿಯಿದ್ದ ಒಬ್ಬ ಮುದುಕಿ ಒಂದು ಪಾವು ಕೊಟ್ಟರು. ಅದನ್ನು ನಾವು ಬೇರೆ ಚೀಲಕ್ಕೆ ಹಾಕಲಿಲ್ಲ, ಎಲ್ಲದರ ಜೊತೆಗೇ ಹಾಕಿದೆವು; ಆಕೆ ಅದನ್ನು ನಿಂತು ನೋಡಿದರು.

ಮೂರನೇ ಸಂಜೆ ಸಾಹುಕಾರರ ಕಣಕ್ಕೆ ಹೋದೆವು. ಕಣವೆಂದರೆ ಅವರ ಮನೆಯ ಮುಂದಿನ ಸಿಮೆಂಟಿನ ಅಂಗಳ, ಕಾಫಿ ಒಣಗಿಸಿ ಮುಗಿದು ಈಗ ಮೆಣಸು ಹರಡಿತ್ತು. ಅವರು ಬರಿಗಾಲಲ್ಲಿ ಬಂದು, ಪದ ಮುಗಿಯುವ ತನಕ ಕೈಮುಗಿದು ನಿಂತರು. ಆಮೇಲೆ ಎಸ್ಟೇಟಿನ ಗುಮಾಸ್ತನನ್ನು, ಅಂದರೆ ನಾವು ರೈಟರ್ ಎನ್ನುವವರನ್ನು ಕರೆದು, ಕಣದಿಂದ ಕೊಡಿ ಎಂದರು. ರೈಟರ್ ದೊಡ್ಡ ಮೂಟೆಗಳನ್ನೇ ತುಂಬಿಸಿದರು.

ನನ್ನ ತಪ್ಪು ಇಲ್ಲಿದೆ. ಜೀಪಿನ ಹಿಂದೆ ಆಗಲೇ ಅರ್ಧ, ಮುಕ್ಕಾಲು ತುಂಬಿದ ಚೀಲಗಳು ಉರುಳಾಡುತ್ತಿದ್ದವು. ಜಾಗ ಸಾಲದು. ಕಣದ ಮೆಣಸನ್ನು ಆ ಅರ್ಧ ಚೀಲಗಳ ಮೇಲೆ ಸುರಿದು, ಎಲ್ಲವನ್ನೂ ಭರ್ತಿ ಮಾಡಿ, ಬಾಯಿ ಬಿಗಿದು ಸಾಲಾಗಿ ನಿಲ್ಲಿಸಿದೆ. ಅಚ್ಚುಕಟ್ಟಾಗಿ ಕಂಡಿತು. ಈ ಮೆಣಸಿಗೆ ಇನ್ನೊಂದು ಬಿಸಿಲು ಬೇಕು, ಬೇರೆ ಇಡಿ ಎಂದು ಆಗಲೇ ನನಗೆ ಹೇಳಿದ್ದಾಗಿ ರೈಟರ್ ಹೇಳುತ್ತಾರೆ. ಯಾರೂ ಏನೂ ಹೇಳಲಿಲ್ಲ ಎಂದು ಜೀಪಿನವನು ಆಣೆ ಮಾಡುತ್ತಾನೆ. ನನಗೆ ರೈಟರ್ ಧ್ವನಿ ಕೇಳಿಸುತ್ತದೆ, ಅವರು ಹೇಳುವಾಗ ಪೆನ್ನು ಕಿವಿಗೆ ಸಿಕ್ಕಿಸಿಕೊಂಡದ್ದೂ ಕಾಣುತ್ತದೆ. ಆದರೆ ಆ ಧ್ವನಿ ಬುಧವಾರ ಕಿವಿಗೆ ಬಿದ್ದದ್ದೋ, ಶುಕ್ರವಾರದ ಮೇಲೆ ನಾನೇ ಅಲ್ಲಿ ತಂದಿಟ್ಟದ್ದೋ ತಿಳಿಯದು. ಮೆಣಸು ಒಣಗಿದೆಯೇ ಎಂದು ಒಂದು ಕಾಳನ್ನು ಕಚ್ಚಿ ನೋಡಿದರೆ ಸಾಕಿತ್ತು. ಇಲ್ಲಿ ಹುಟ್ಟಿದ ಯಾರಾದರೂ ನೋಡುತ್ತಾರೆ. ನಾನೂ ಇಲ್ಲೇ ಹುಟ್ಟಿದವನು.

ಶುಕ್ರವಾರ ಬೆಳಿಗ್ಗೆ ಮಂಡಿಯ ವ್ಯಾಪಾರಿ ಮೊದಲ ಮೂಟೆಯ ಬಾಯಿ ಬಿಚ್ಚಿ, ಮೊಣಕೈ ತನಕ ತೋಳು ಇಳಿಸಿದರು. ಹಾಗೇ ನಿಂತರು. ಎರಡನೆಯದಕ್ಕೆ ಇಳಿಸಿದರು, ಮೂರನೆಯದಕ್ಕೆ. ಆಮೇಲೆ ನನ್ನ ಕೈ ಹಿಡಿದು ಅದೇ ಮೂಟೆಯೊಳಗೆ ತುರುಕಿದರು. ನಡುವೆ, ಕೋಳಿಯ ಹೊಟ್ಟೆಯ ಕೆಳಗೆ ಕೈಯಿಟ್ಟ ಹಾಗೆ, ಬೆಚ್ಚಗಿತ್ತು.

‘ಹಸಿ ಸೇರಿದೆ. ಒಳಗೆ ಕಾವು ಎದ್ದಿದೆ’ ಎಂದರು. ‘ನಿಮ್ಮದು ಪುಣ್ಯದ ಕೆಲ್ಸ ಅಂತ ನಂಗೊತ್ತು. ಬೂಷ್ಟಿಗೆ ಗೊತ್ತಿಲ್ವಲ್ಲ.’

ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡರೆ ಅವರ ಗೋದಾಮಿನ ಮೆಣಸಿಗೂ ಹಿಡಿಯುತ್ತಿತ್ತು. ಎರಡು ಬಿಸಿಲು ಕಾಣಿಸಿ ಭಾನುವಾರ ಮಧ್ಯಾಹ್ನ ತನ್ನಿ, ನಿಮಗಾಗಿ ಅಂಗಡಿ ತೆಗೆಯುತ್ತೇನೆ ಎಂದರು. ವಾಪಸು ಬರುವಾಗ ಜೀಪಿನಲ್ಲಿ ಯಾರೂ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಸೋಮವಾರದ ಹಾಸಿಗೆ ತಪ್ಪಿದರೆ ಅದು ನಾನು ಮೂಟೆ ಅಂದವಾಗಿ ನಿಲ್ಲಿಸಿದ್ದಕ್ಕೆ ತಪ್ಪಿದಂತೆ. ಲೈನಿನ ಹತ್ತಿರ ಇಳಿದು, ಅವನಿಗೆ ನಾನೇ ಹೇಳುತ್ತೇನೆ ಎಂದೆ.

ಅವನು ಮಗ್ಗುಲಾಗಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಹಾಗೇ ಕೇಳಿಸಿಕೊಂಡ. ‘ಅಣ್ಣ, ಎಷ್ಟು ಮೂಟೆ?’ ಎಂದ. ಒಂಬತ್ತು ಎಂದೆ. ಎಲ್ಲದರಲ್ಲೂ ಹಸಿ ಸೇರಿದೆಯೇ ಎಂದ. ಯಾವುದರಲ್ಲಿ ಎಷ್ಟು ಎಂದು ನನಗೆ ಗೊತ್ತಿಲ್ಲ ಎಂದೆ.

‘ನಿಮ್ಗೆ ಗೊತ್ತಿಲ್ಲ ಅಂತ ನಂಗೊತ್ತಾಯ್ತು. ಮೂಟೆ ಜೊತೆ ನನ್ನನ್ನೂ ಕಣಕ್ಕೆ ಎತ್ಕೊಂಡ್ಹೋಗಿ.’

ಬೇಡ, ಹುಣ್ಣು ಹೆಚ್ಚುತ್ತದೆ ಎಂದು ಹೆಂಡತಿ ಹೇಳಿದಳು. ಇಲ್ಲಿ ಮಲಗಿದರೆ ಹೆಚ್ಚುವುದಿಲ್ಲವೇ ಎಂದು ಅವನು ಕೇಳಿದ. ಅವಳು ದಿಂಬು ಎತ್ತಿಕೊಂಡಳು. ನಾಲ್ಕು ಜನ ಮಂಚ ಹೊತ್ತೆವು. ಸಾಹುಕಾರರನ್ನು ಕೇಳಲು ಮೇಷ್ಟ್ರು ಮುಂದೆ ಹೋಗಿದ್ದರು. ಸಾಹುಕಾರರು ಕಣದ ಅರ್ಧ ಬಿಡಿಸಿಕೊಟ್ಟು, ಮನೆಯ ನೆರಳು ಬೀಳುವ ಕಡೆ ಮಂಚ ಇಡಿಸಿದರು. ಅವನು ಬಿದ್ದ ಮೇಲೆ ಅವರಿಬ್ಬರೂ ಎದುರಾದದ್ದು ಎಷ್ಟನೇ ಸಲವೋ ನನಗೆ ಗೊತ್ತಿಲ್ಲ. ಅವರು ‘ಹ್ಯಾಗಿದೀಯ’ ಎಂದರು. ಅವನು ‘ನೋಡ್ತಿದೀರಲ್ಲ ಅಯ್ಯ’ ಎಂದ. ಅಷ್ಟೇ ಮಾತು. ಅವರು ಒಳಗೆ ಹೋಗದೆ ಅಲ್ಲೇ ಮೆಟ್ಟಿಲ ಮೇಲೆ ಕೂತರು.

ಮೂಟೆಯ ಮೇಲಿಂದ ಒಂದು ಹಿಡಿ, ನಡುವಿನಿಂದ ಒಂದು ಹಿಡಿ, ತಳದಿಂದ ಒಂದು ಹಿಡಿ ತೆಗೆದು, ಅವನ ಕಿವಿಯ ಹತ್ತಿರ ಒಂದು ಬರಿಯ ಮೊರಕ್ಕೆ ಮೇಲಿಂದ ಸುರಿಯಬೇಕು ಎಂದ. ಕಣ್ಣು ಮುಚ್ಚಿಕೊಂಡ. ಚೆನ್ನಾಗಿ ಒಣಗಿದ ಮೆಣಸು ಮೊರಕ್ಕೆ ಬಿದ್ದರೆ ಸಣ್ಣ ಕಲ್ಲು ಬಿದ್ದಂತೆ ಸದ್ದು; ಹಸಿಯದಕ್ಕೆ ಆ ಸದ್ದಿಲ್ಲ, ಬಿದ್ದಲ್ಲೇ ಕೂರುತ್ತದೆ. ಅಷ್ಟು ನನಗೂ ತಿಳಿಯಿತು. ನಡುವಿನ ಹತ್ತಾರು ಬಗೆ ನನಗೆ ತಿಳಿಯಲಿಲ್ಲ. ಇದಕ್ಕೆ ಅರ್ಧ ದಿನ ಸಾಕು, ಇದಕ್ಕೆ ಎರಡು ಬಿಸಿಲು, ಇದನ್ನು ಮುಟ್ಟಬೇಡಿ ಎಂದು ಅವನು ಹೇಳುತ್ತಾ ಹೋದ. ನನ್ನ ಬುದ್ಧಿ ಸುಮ್ಮನಿರಲಿಲ್ಲ. ಐದು ಮೂಟೆ ಮುಗಿದ ಮೇಲೆ, ಆರನೆಯದು ಎಂದು ಎರಡನೆಯ ಮೂಟೆಯಿಂದಲೇ ಮತ್ತೆ ತಂದು ಸುರಿದೆ.

ಅವನು ಕಣ್ಣು ತೆರೆಯಲಿಲ್ಲ. ‘ಇದು ಆಗ್ಲೇ ಆಯ್ತು ಅಣ್ಣ’ ಎಂದ. ‘ಪರೀಕ್ಷೆ ಮಾಡಾಕೆ ಬಿಸಿಲು ಕಾಯಲ್ಲ.’

ಮೇಷ್ಟ್ರು ಗಟ್ಟಿಯಾಗಿ ನಕ್ಕರು. ಮೆಟ್ಟಿಲ ಮೇಲಿದ್ದ ಸಾಹುಕಾರರೂ ನಕ್ಕರು. ಮೂರು ಮೂಟೆ ಒಣಗಿದ್ದವು, ಆರು ಬಿಸಿಲಿಗೆ ಬಂದವು.

ಶನಿವಾರ ಹತ್ತು ಗಂಟೆಗೇ ದೇವರಮನೆಯ ಕಡೆ ಮೋಡ ಕಟ್ಟಿತು. ಆ ತಿಂಗಳಲ್ಲಿ ನಮ್ಮಲ್ಲಿ ಮೋಡ ನೋಡಿ ಬೇಸರಪಡುವವರಿಲ್ಲ. ಕಾಫಿ ಗಿಡಗಳು ಮೊಗ್ಗು ಹೊತ್ತು ನಿಂತಿರುತ್ತವೆ, ಒಂದು ಒಳ್ಳೆಯ ಹೂಮಳೆ ಬಿದ್ದರೆ ವರ್ಷದ ಬೆಳೆ ನಿಂತ ಹಾಗೆ. ಬೆಳಿಗ್ಗೆಯಿಂದ ಎಲ್ಲರ ಫೋನುಗಳೂ, ನಿಮ್ಮಲ್ಲಿ ಬಂತಾ, ಅಲ್ಲಿ ಎಷ್ಟು ಬಂತು ಎಂದು ಕೇಳುತ್ತಿದ್ದವು. ಕಣದಲ್ಲಿದ್ದ ನಮ್ಮಲ್ಲಿ ಏಳು ಜನಕ್ಕೆ ಕಾಫಿ ತೋಟವಿತ್ತು. ನನ್ನ ಮೂರೆಕರೆಗೆ ನೀರು ಹಾಯಿಸುವ ಅನುಕೂಲವಿಲ್ಲ. ಆ ಮಳೆ ಬಿಟ್ಟರೆ ನನಗೆ ಬೇರೆ ದಾರಿಯಿಲ್ಲ. ಅವತ್ತು ನಾನು ಮಳೆ ಬೇಡ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಯಾರಿಗೆ ಹೇಳಿದೆ ಎಂದು ಕೇಳಿದರೆ ಉತ್ತರವಿಲ್ಲ. ಸಾಹುಕಾರರು ಒಮ್ಮೆ ಮೋಡ ನೋಡಿದರು, ಒಮ್ಮೆ ಮೆಣಸು ನೋಡಿದರು, ರೈಟರ್‌ಗೆ ಹೇಳಿ ಇದ್ದ ಟಾರ್ಪಾಲುಗಳನ್ನೆಲ್ಲ ಕಣದ ಅಂಚಿಗೆ ತರಿಸಿದರು.

ಅರ್ಧ ಗಂಟೆಗೊಮ್ಮೆ ಮೆಣಸನ್ನು ಮಗುಚಬೇಕು. ಯಾವಾಗ ಎಂದು ಮಂಚದಿಂದ ಹುಕುಂ ಬರುತ್ತಿತ್ತು. ನಾವು ಸಾಲಾಗಿ ನಿಂತು ಕಾಲಿನಿಂದ ಗೆರೆ ಎಳೆಯುತ್ತಾ ಹೋಗುವುದು, ತಿರುಗಿ ಬರುವುದು. ಮೇಷ್ಟ್ರ ಗೆರೆ ಸೊಟ್ಟ ಎಂದು ಅವನು ಎರಡು ಸಲ ತಿದ್ದಿಸಿದ. ಮೇಷ್ಟ್ರು, ಮೂವತ್ತು ವರ್ಷ ನಾನು ತಿದ್ದಿದ್ದು ಸಾಕಾಗಿತ್ತು ಎಂದು ಗೊಣಗಿ ತಿದ್ದಿದರು.

ಆ ಮಧ್ಯಾಹ್ನ ಅವನು ಒಂದು ಪದ ಎತ್ತಿದ ಎಂದು ನನ್ನ ನೆನಪು. ಮೊದಲಿನ ಧ್ವನಿ ಅಲ್ಲ. ಹೊಟ್ಟೆಯ ಸ್ನಾಯು ಹಿಡಿತಕ್ಕೆ ಬಾರದೆ ಉಸಿರು ಅರ್ಧ ಸಾಲಿಗೇ ಮುಗಿಯುತ್ತಿತ್ತು. ಉಳಿದರ್ಧವನ್ನು ನಾವು ಮೆಣಸು ಮಗುಚುತ್ತಾ ಹಿಡಿದೆವು. ಶ್ರುತಿ ಎಲ್ಲಿರಬೇಕೋ ಅಲ್ಲೇ ಇತ್ತು. ಮೇಷ್ಟ್ರು ಇದನ್ನು ಒಪ್ಪುವುದಿಲ್ಲ: ಅವನು ಹಾಡಲಿಲ್ಲ, ‘ಈಗ ಮಗುಚಿ’ ಎಂದು ಕೂಗಿದ್ದಷ್ಟೇ, ಹಾಡಿದ್ದು ನಾವು. ಅವನ ಹೆಂಡತಿಯನ್ನು ಕೇಳಿದೆ. ಹಾಡಿದರು ಎಂದಳು, ಆದರೆ ಅದು ಭಾನುವಾರ ಎಂದಳು. ಅವನನ್ನೇ ಕೇಳಬಹುದಿತ್ತು. ಕೇಳಿಲ್ಲ. ಮೂರು ಹೇಳಿಕೆಗಳನ್ನೂ ಇಲ್ಲಿ ಬರೆದಿದ್ದೇನೆ. ನನ್ನದನ್ನು ಬಿಟ್ಟುಕೊಡಲು ಮಾತ್ರ ನನಗೆ ಮನಸ್ಸಿಲ್ಲ.

ಶನಿವಾರ ಮೋಡ ಹಾಗೇ ಕರಗಿತು. ಭಾನುವಾರ ಬಿಸಿಲು ಚುರುಕಾಗಿತ್ತು, ಒಂದು ಗಂಟೆಯ ಹೊತ್ತಿಗೆ ಗುಡ್ಡದ ಕಡೆಯಿಂದ ಗಾಳಿ ಎದ್ದಿತು. ಅವನು ಒಂದೊಂದು ರಾಶಿಯಿಂದ ಒಂದು ಕಾಳು ತರಿಸಿ ಕಚ್ಚಿದ. ನಾಲ್ಕನ್ನು ತುಂಬಿ, ಎರಡನ್ನು ಬಿಡಿ ಎಂದ. ಆ ಎರಡನ್ನೂ ತುಂಬಿಬಿಡೋಣ, ಒಂದು ಗಂಟೆಯಲ್ಲಿ ಏನಾಗುತ್ತದೆ ಎಂದು ಜೀಪಿನವನು ಕೇಳಿದ. ಹಾಸಿಗೆ ಕೈತಪ್ಪಬಾರದು ಎನ್ನುವ ಅವಸರ ನಮ್ಮೆಲ್ಲರಿಗೂ ಇತ್ತು. ಅವನು ತಲೆ ಅಲ್ಲಾಡಿಸಿದ.

‘ಹದ ಇಲ್ಲದ್ದನ್ನ ನನ್ ಹೆಸ್ರಲ್ಲಿ ಮಾರ್ಬೇಡಿ ಮಾರಾಯ. ಹೋಗೋದಾದ್ರೆ ಏಳ್ರಲ್ಲೇ ಹೋಗ್ತೀನಿ.’

ಮೊದಲ ದಪ್ಪ ಹನಿಗಳು ಬೀಳುವಾಗ ನಾವು ಏಳು ಮೂಟೆ ಜೀಪಿಗೆ ಏರಿಸಿ, ಉಳಿದ ಎರಡು ರಾಶಿಯ ಮೇಲೆ ಟಾರ್ಪಾಲು ಎಳೆಯುತ್ತಿದ್ದೆವು. ಸಾಹುಕಾರರು ಒಂದು ತುದಿ ಹಿಡಿದಿದ್ದರು. ಮೂಡಿಗೆರೆ ತಲುಪುವಾಗ ಮಳೆ ಜೋರಾಗಿ ಹೊಯ್ಯುತ್ತಿತ್ತು. ವ್ಯಾಪಾರಿ ಮತ್ತೆ ಪ್ರತಿ ಮೂಟೆಗೂ ತೋಳು ಇಳಿಸಿದರು. ಏಳನೆಯದರಿಂದ ಕೈ ತೆಗೆದು, ತೂಕದ ಕಡೆ ತಲೆ ಆಡಿಸಿದರು. ಬಂದ ಹಣ ಮೂರು ತಿಂಗಳ ವಾಸಕ್ಕೆ ಆಯಿತು, ಕುರ್ಚಿಗೆ ಆಗಲಿಲ್ಲ. ಮೇಷ್ಟ್ರು ಅಲ್ಲಿಂದಲೇ ಕೇಂದ್ರಕ್ಕೆ ಫೋನು ಮಾಡಿ, ಕುರ್ಚಿಯ ಹಣವನ್ನು ಮೂರು ತಿಂಗಳು ಮುಗಿದು ಅವನು ಹೊರಡುವ ಮೊದಲು ಕೊಟ್ಟರೆ ನಡೆಯುತ್ತದೆಯೇ ಎಂದು ಕೇಳಿದರು. ನಡೆಯುತ್ತದೆ ಎಂದರು. ಹಾಗಾದರೆ ದೀಪ ಇನ್ನೂ ಆರಿಸುವುದು ಬೇಡ, ಮುಂದಿನ ವಾರ ಆಚೆ ಊರು ಎಂದು ಮೇಷ್ಟ್ರು ಫೋನು ಜೇಬಿಗೆ ಹಾಕಿದರು.

ಸೋಮವಾರ ಬೆಳಗಿನ ಬೆಳಕಿನಲ್ಲಿ ಹೊರಟು, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದೆವು. ತಿರುವುಗಳಲ್ಲಿ ಅವನು ಜಾರದಂತೆ ಇಬ್ಬರು ಭುಜ, ಇಬ್ಬರು ಸೊಂಟ ಹಿಡಿದಿದ್ದೆವು. ಮಧ್ಯಾಹ್ನಕ್ಕೆ ಇನ್ನೂ ಸಾಕಷ್ಟು ಹೊತ್ತಿರುವಾಗ ಆ ಹಾಸಿಗೆಯ ಹತ್ತಿರ ನಿಂತೆವು. ನರ್ಸು ಅವನ ಬೆನ್ನು ನೋಡಿ, ಇನ್ನೊಂದು ತಿಂಗಳು ಬಿಟ್ಟಿದ್ದರೆ ಕಷ್ಟವಿತ್ತು ಎಂದು ಹೆಂಡತಿಗೆ ಹೇಳಿದರು. ಜೊತೆಗೆ ಒಬ್ಬರು ಸಾಕು, ಉಳಿದವರು ಹೊರಡಿ ಎಂದರು. ನಾನು ಮೂಟೆಯ ವಿಷಯಕ್ಕೆ ಅವನಲ್ಲಿ ಏನೋ ಹೇಳಬೇಕೆಂದು ನಿಂತೆ. ಅವನು ಅದಕ್ಕೆ ಅವಕಾಶ ಕೊಡಲಿಲ್ಲ. ಉಳಿದ ಎರಡು ರಾಶಿಯನ್ನು ಇವತ್ತೇ ಬಿಚ್ಚಿ ಗಾಳಿಗೆ ಹರಡಿ, ನೀವು ಮಾತ್ರ ಮೂಟೆ ಕಟ್ಟಬೇಡಿ ಎಂದ.

ಮಂಡಳಿ ದೀಪ ಹಿಡಿದು ಇನ್ನೂ ಆರು ಸಂಜೆ ನಡೆಯಿತು. ಕುರ್ಚಿಯ ಹಣ ಕಟ್ಟಿ ಬಂದೆವು. ಅವನು ಬರುವ ವಾರ ಲೈನು ಮನೆಯ ಎರಡು ಮೆಟ್ಟಿಲುಗಳ ಮೇಲೆ ನಾವೇ ಸಿಮೆಂಟು ಹಾಕಿ ಇಳಿಜಾರು ಮಾಡಿದೆವು. ಮುಂಗಾರು ಶುರುವಾಗುವುದರೊಳಗೆ ಗಟ್ಟಿಯಾಗಲಿ ಎಂದು ಗೋಣಿಚೀಲ ಹೊದಿಸಿ ನೀರು ಹಾಕಿದೆವು. ಅವನು ಜೀಪಿನಿಂದ ಕುರ್ಚಿಗೆ ತಾನೇ ಜಾರಿದ. ನಾವು ಕೈಚಾಚಿದ್ದನ್ನು ನೋಡಿ, ದೂರ ನಿಲ್ಲಿ ಎಂದ. ಅಂಗಳ ದಾಟಿ ಇಳಿಜಾರಿಗೆ ಬಂದು, ಗಾಲಿ ತಳ್ಳಿ ಅರ್ಧ ಏರಿದ, ಹಿಂದಕ್ಕೆ ಬಂದ. ಇನ್ನೊಮ್ಮೆ ಏರಿದ, ಮತ್ತೆ ಹಿಂದಕ್ಕೆ ಬಂದ. ಮೂರನೇ ಸಲವೂ ಹಾಗೇ ಆಯಿತು. ಇಳಿಜಾರು ಕಡಿದಾಗಿತ್ತು. ಜೀಪಿನವನು, ನಾವೇ ತಳ್ಳಿದರಾಯಿತಲ್ಲ ಎಂದ.

‘ನೀವು ತಳ್ಳೋದಾದ್ರೆ ನಾ ಅಲ್ಲಿಗೆ ಹೋಗಿದ್ದು ಎಂತಕ್ಕೆ?’ ಎಂದ ಅವನು. ‘ಒಡೀರಿ. ಇನ್ನೂ ಉದ್ದ ಬರ್ಲಿ.’

ಮೇಷ್ಟ್ರು ಪಂಚೆ ಎತ್ತಿ ಕಟ್ಟಿದರು. ನಾನು ಹಾರೆ ತರಲು ಹೋದೆ.